ಲೆಕ್ಕ ನಡೆಯುತ್ತಿದೆ, ಮುಟ್ಟಬೇಡಿ

"ಈ ಭಾನುವಾರ ನಿಮ್ಮಪ್ಪನ ಬಾಯಿಂದ ಒಂದು 'ಭೇಷ್' ಹೊರಡಿಸದೆ ಹೋದರೆ, ಸೋಮವಾರದಿಂದ ನಾನು ಹಲ್ಲು ಕೀಳೋದೇ ಬಿಟ್ಟುಬಿಡ್ತೀನಿ!" ಎಂದು ಹಲ್ಲಿನ ಡಾಕ್ಟರು ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತು, ಬಾಯಿತುಂಬ ಪೇಸ್ಟಿನ ನೊರೆ ಇಟ್ಟುಕೊಂಡೇ ಶಪಥ ಮಾಡಿದರು.

ಹೆಂಡತಿ ಬಾಗಿಲಾಚೆಯಿಂದ, "ಮೊದಲು ಬಾಯಿ ಮುಕ್ಕಳಿಸಿ. ಅಡುಗೆಮನೆ ನಲ್ಲಿ ಇನ್ನೂ ಸೋರ್ತಾನೇ ಇದೆ" ಎಂದಳು.

ಮಹತ್ಕಾರ್ಯಕ್ಕೆ ಹೊರಟವರ ಕಿವಿಗೆ ನಲ್ಲಿಯ ಮಾತೆಲ್ಲಿ ಬೀಳಬೇಕು? ಡಾಕ್ಟರು ಮುಖ ಒರೆಸಿಕೊಂಡು ಕನ್ನಡಿಯಲ್ಲಿ ತಮ್ಮನ್ನೇ ಒಮ್ಮೆ ಮೆಚ್ಚಿಕೊಂಡರು.

ನೋಡಿ, ಬಾಯಿ ಬಿಡಿಸುವುದು ಅವರ ಕಸುಬು. ಎಂಥೆಂಥ ಬಿಗಿದ ಬಾಯಿಗಳೂ ಅವರ ಕುರ್ಚಿಗೆ ಒರಗಿದ ಕೂಡಲೇ 'ಆ' ಅನ್ನುತ್ತವೆ. ಆದರೆ ಮದುವೆಯಾದಾಗಿನಿಂದ ಈವರೆಗೆ ಒಂದೇ ಒಂದು ಬಾಯಿ ಅವರ ಎದುರು ತೆರೆದಿರಲಿಲ್ಲ. ಅದು ಮಾವನವರದು. ಹೊಸ ಕ್ಲಿನಿಕ್ಕು ತೋರಿಸಿದಾಗ ಮಾವ 'ಹೂಂ' ಎಂದಿದ್ದರು. ಹೊಸ ಕಾರು ತೋರಿಸಿದಾಗಲೂ 'ಹೂಂ'. ಒಮ್ಮೆ ಮಾವನ ಹುಳುಕು ಹಲ್ಲನ್ನೇ ಒಂದಿಷ್ಟೂ ನೋವಾಗದಂತೆ ಕಿತ್ತು ಅಂಗೈ ಮೇಲಿಟ್ಟರೆ, ಅದನ್ನು ತಿರುಗಿಸಿ ಮುರುಗಿಸಿ ನೋಡಿ, 'ಹೂಂ' ಎಂದು ಜೇಬಿಗೆ ಹಾಕಿಕೊಂಡು ನಡೆದೇಬಿಟ್ಟರು. ಅವತ್ತು ಡಾಕ್ಟರಿಗೆ ಆದ ನೋವಿಗೆ ಯಾವ ಇಂಜೆಕ್ಷನ್ನೂ ಇರಲಿಲ್ಲ.

ಇನ್ನು ಡಾಕ್ಟರ ಹುಚ್ಚಿನ ವಿಷಯ. ಸಂಜೆ ಕ್ಲಿನಿಕ್ಕು ಮುಚ್ಚಿ ಬಂದವರು ಸೀದಾ ಹಾಲಿನ ಮೂಲೆಯ ಮೇಜಿಗೆ ಹೋಗಿ ಲ್ಯಾಪ್‌ಟಾಪು ತೆರೆಯುವರು. ಅದು ಇತ್ತೀಚಿನ ಲ್ಯಾಪ್‌ಟಾಪು, ಮಿಂಚಿನಂಥದ್ದು. ಆದರೆ ಅದರೊಳಗೆ ಅವರು ಓಡಿಸುತ್ತಿದ್ದುದು ತಾವು ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದ ಕಾಲದ ಕಂಪ್ಯೂಟರುಗಳನ್ನು. ಎಮ್ಯುಲೇಟರ್ ಎಂಬ ಒಂದು ಪ್ರೋಗ್ರಾಂ ಇದೆಯಂತೆ. ಅದನ್ನು ಹಾಕಿದರೆ ಹೊಸ ಯಂತ್ರ ತಾನೇ ಹಳೇ ಯಂತ್ರ ಎಂದು ನಟಿಸುತ್ತದಂತೆ. ಕಪ್ಪು ತೆರೆ, ಹಸಿರು ಅಕ್ಷರ, ಮಿಣಮಿಣ ಎನ್ನುವ ಒಂದು ಚೌಕ. ಅದರಲ್ಲಿ ಬೇಸಿಕ್ ಎಂಬ ಹಳೇ ಭಾಷೆಯಲ್ಲಿ ನಾಲ್ಕು ಸಾಲು ಬರೆದು, ಎರಡಕ್ಕೆ ಎರಡು ಕೂಡಿಸಿ ನಾಲ್ಕು ಬಂದರೆ ಡಾಕ್ಟರು ಕುರ್ಚಿಯಲ್ಲೇ ಕುಣಿಯುವರು.

"ಫ್ರಿಜ್ಜಿನೊಳಗೆ ಮಣ್ಣಿನ ಹೂಜಿ ಇಟ್ಟು ನೀರು ತಣ್ಣಗಾಯ್ತು ಅಂದ ಹಾಗಾಯ್ತು" ಎಂದು ಹೆಂಡತಿ ಒಮ್ಮೆ ಅಂದಿದ್ದಳು. ಅವಳು ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವಳು. ದಿನವಿಡೀ ಕಲಿಯುವವರ ಪಕ್ಕದ ಸೀಟಿನಲ್ಲಿ, ಕಾಲಡಿ ತನ್ನದೇ ಒಂದು ಬ್ರೇಕು ಇಟ್ಟುಕೊಂಡು ಕೂರುವವಳು. ಹಾಗಾಗಿ ಯಾರು ಎಷ್ಟು ವೇಗದಲ್ಲಿದ್ದಾರೆ, ಯಾರನ್ನು ಎಲ್ಲಿ ನಿಲ್ಲಿಸಬೇಕು ಎಂಬುದು ಅವಳಿಗೆ ಚೆನ್ನಾಗಿ ಗೊತ್ತು.

ಈ ಹುಚ್ಚಿನವರದೇ ಒಂದು ಬಳಗವಿದೆ. ಎಲ್ಲೆಲ್ಲೋ ಕೂತು ಇಂಟರ್ನೆಟ್ಟಿನಲ್ಲಿ ಮಾತಾಡಿಕೊಳ್ಳುವ ಮಂದಿ. ಅವರಲ್ಲಿ ಮಡಿವಂತರ ಒಂದು ಪಂಗಡ. ನಮ್ಮ ಡಾಕ್ಟರು ಅದರ ಮುಂದಾಳು. ಹಳೇ ಯಂತ್ರ ಎಷ್ಟು ನಿಧಾನವಾಗಿತ್ತೋ ಎಮ್ಯುಲೇಟರಿನಲ್ಲೂ ಅಷ್ಟೇ ನಿಧಾನವಾಗಿ ಓಡಬೇಕು ಎಂಬುದು ಅವರ ಕಟ್ಟಳೆ. ವೇಗ ಹೆಚ್ಚಿಸುವ ಸೌಲಭ್ಯ ಇದೆ, ಒಂದು ಸಲ ಒತ್ತಿದರೆ ಅರ್ಧ ಗಂಟೆಯ ಕೆಲಸ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುತ್ತದೆ. ಆದರೆ ಅದನ್ನು ಮುಟ್ಟಿದವರು ಕುಲಗೆಟ್ಟರು ಎಂದೇ ಲೆಕ್ಕ.

ಈ ಕಟ್ಟಳೆಯಿಂದ ಒಂದು ಸಣ್ಣ ಅನುಕೂಲವೂ ಇತ್ತು. ಊಟವಾದ ಮೇಲೆ ಪಾತ್ರೆ ತೊಳೆಯುವ ಹೊತ್ತಿಗೆ ಸರಿಯಾಗಿ ಡಾಕ್ಟರು ಯಾವುದಾದರೊಂದು ಪ್ರೋಗ್ರಾಂ ಲೋಡಿಗೆ ಹಾಕುತ್ತಿದ್ದರು. "ಲೋಡ್ ಆಗ್ತಿದೆ ಕಣೆ, ನಡುವೆ ಎದ್ದು ಬರೋ ಹಾಗಿಲ್ಲ" ಎಂದು ಅಲ್ಲಿಂದಲೇ ಕೂಗುತ್ತಿದ್ದರು. ಪ್ರೋಗ್ರಾಂ ಲೋಡ್ ಆಗುವುದಕ್ಕೂ ಪಾತ್ರೆ ಮುಗಿಯುವುದಕ್ಕೂ ಏನು ನಂಟೋ, ಎರಡೂ ಒಟ್ಟಿಗೇ ಮುಗಿಯುತ್ತಿದ್ದವು. ವೇಗದ ವಿಷಯ ಹೆಂಡತಿಗೆ ಹೇಳುವ ಪ್ರಸಂಗ ಬಂದೇ ಇರಲಿಲ್ಲ.

ಆ ಶಪಥಕ್ಕೆ ಕಾರಣ ಒಂದು ಕ್ಯಾಸೆಟ್ಟು. ಮಾವ ವಿದ್ಯುತ್ ಕಚೇರಿಯ ಬಿಲ್ಲು ವಿಭಾಗದಲ್ಲಿ ಇದ್ದವರು. ಆ ಕಚೇರಿಗೆ ಮೊದಲ ಕಂಪ್ಯೂಟರು ಬಂದಾಗ ಅದನ್ನು ಅವರ ಕೈಗೇ ಒಪ್ಪಿಸಿದ್ದರಂತೆ. ಆಗ ಪ್ರೋಗ್ರಾಂಗಳನ್ನು ಹಾಡು ಕೇಳುವ ಕ್ಯಾಸೆಟ್ಟಿನಲ್ಲೇ ತುಂಬಿಡುತ್ತಿದ್ದರು. ಅತ್ತೆ ಇದನ್ನು ಹೇಳಲು ಕೂತರೆ ಕಣ್ಣು ಒದ್ದೆಯಾಗುತ್ತಿತ್ತು. ಪಾಪ, ಅವರು ಆ ಮಷೀನಿಗೆ ಜೀವ ತೇದರು; ಎಲ್ಲರೂ ಮನೆಗೆ ಹೋದರೂ ಅವರು ಕೂತೇ ಇರುತ್ತಿದ್ದರು; ಲೆಕ್ಕ ಮುಗಿಯುವ ತನಕ ಎದ್ದು ಬರುವ ಹಾಗಿರಲಿಲ್ಲ; ಮನೆ, ಮಕ್ಕಳು, ಸೋರುವ ಛಾವಣಿ ಎಲ್ಲವನ್ನೂ ನಾನೇ ನೋಡಿಕೊಂಡೆ, ಹೋಗಲಿ ಬಿಡು, ಊರಿಗೆ ದೀಪ ಉರಿಯಬೇಕಲ್ಲ, ಎನ್ನುತ್ತಿದ್ದರು. ಮಾವ ಈ ಪುರಾಣ ಶುರುವಾದ ಕೂಡಲೇ ಪೇಪರು ಎತ್ತಿಕೊಂಡು ಮುಖ ಮುಚ್ಚಿಕೊಳ್ಳುತ್ತಿದ್ದರು. ಎಂಥಾ ವಿನಯ ಎಂದು ಡಾಕ್ಟರು ಬೆರಗಾಗುತ್ತಿದ್ದರು.

ಆ ಮಾವನ ಎಪ್ಪತ್ತನೇ ಹುಟ್ಟುಹಬ್ಬ ಹತ್ತಿರ ಬಂದಾಗಲೇ, ಅತ್ತೆಯ ಹೊಲಿಗೆ ಡಬ್ಬಿಯಲ್ಲಿ ದಾರದುಂಡೆಗಳ ಅಡಿ ಆ ಕ್ಯಾಸೆಟ್ಟು ಸಿಕ್ಕಿತು. ಮೇಲೆ ಮಾವನ ದುಂಡು ಅಕ್ಷರ: 'ಮುಖ್ಯ ಲೆಕ್ಕ. ಯಾರೂ ಮುಟ್ಟಬಾರದು.' ಡಾಕ್ಟರು ಅದನ್ನು ಸದ್ದಿಲ್ಲದೆ ಜೇಬಿಗೆ ಸೇರಿಸಿದರು. ಇದನ್ನು ಮತ್ತೆ ಓಡಿಸಿ ತೋರಿಸಿದರೆ ಕಲ್ಲೂ ಕರಗೀತು, ಮಾವ ಯಾವ ಲೆಕ್ಕ?

ಅತ್ತೆಯ ಹಳೇ ಟೇಪ್ ರೆಕಾರ್ಡರನ್ನೇ ಗುಟ್ಟಾಗಿ ತಂದು, ತಂತಿ ಎಳೆದು ಲ್ಯಾಪ್‌ಟಾಪಿಗೆ ಸಿಕ್ಕಿಸಿದರು. ಹಳೇ ಕ್ಯಾಸೆಟ್ಟು 'ಕೀಂ ಕಿರ್ರ್' ಎಂದು ಕಿರುಚಿದ ರಭಸಕ್ಕೆ ಪಕ್ಕದ ಮನೆಯವರು ಗೇಟಿನ ಹತ್ತಿರ ಬಂದು, ಈಗ ಮನೆಯಲ್ಲೂ ರೋಗಿಗಳನ್ನು ನೋಡುತ್ತೀರಾ ಎಂದು ವಿಚಾರಿಸಿದರು. ಕೊನೆಗೆ ತೆರೆಯ ಮೇಲೆ, ಇಂಗ್ಲಿಷ್ ಲಿಪಿಯಲ್ಲಿ ಬರೆದ ಕನ್ನಡದಲ್ಲಿ, ಹಸಿರು ಅಕ್ಷರಗಳು ಮೂಡಿದವು: 'ಲೆಕ್ಕ ನಡೆಯುತ್ತಿದೆ. ದಯವಿಟ್ಟು ಮುಟ್ಟಬೇಡಿ.' ಅದರ ಕೆಳಗೆ ಸಾಲುಸಾಲು ಅಂಕಿಗಳು ಮೇಲೇರತೊಡಗಿದವು. ಮೂಲೆಯಲ್ಲಿ 'ಶೇಕಡಾ ಒಂದು' ಎಂದಿತ್ತು.

ಪ್ರೋಗ್ರಾಮಿನ ಒಳಗೆ ಏನು ಬರೆದಿದೆ ಎಂದು ಇಣುಕಲು ಹೋದರೆ ಅದಕ್ಕೆ ಮಾವ ಬೀಗ ಜಡಿದಿದ್ದರು. ಆ ಬೀಗ ಒಡೆಯುವುದು ಬಳಗದವರಿಗೆ ಎಡಗೈ ಆಟ. ಆದರೆ ಮಾವ ಹಾಕಿದ ಬೀಗವನ್ನು ಅಳಿಯ ಒಡೆಯುವುದೇ? ಛೆ! ಪೂರ್ತಿ ಓಡಿಸಿ ನೋಡೋಣವೆಂದರೆ ಅದಕ್ಕೂ ಮನಸ್ಸಾಗಲಿಲ್ಲ. ಉತ್ತರ ಮೊದಲು ಮಾವನ ಕಣ್ಣಿಗೇ ಬೀಳಬೇಕು ಎಂದು ಅಲ್ಲಿಗೇ ನಿಲ್ಲಿಸಿದರು.

ಸಾಲದ್ದಕ್ಕೆ ಇನ್ನೊಂದು ಬೆಡಗು. ಮಾವನ ಮೇಲಧಿಕಾರಿಯಾಗಿದ್ದ ಹಳೇ ಸಾಹೇಬರನ್ನು ಹುಡುಕಿ ತೆಗೆದು, ಯಾರಿಗೂ ಹೇಳದೆ ಊಟಕ್ಕೆ ಕರೆದುಬಿಟ್ಟರು.

ಭಾನುವಾರ ಬಂತು. ಮೇಜಿನ ಮೇಲೆ ಹಬೆಯಾಡುವ ಊಟ, ನಡುವೆ ಕೇಕು. ಗೋಡೆಯ ದೊಡ್ಡ ಟೀವಿಗೆ ಲ್ಯಾಪ್‌ಟಾಪು ಜೋಡಿಸಿ ಮೇಲೊಂದು ಬಟ್ಟೆ ಹೊದಿಸಲಾಗಿತ್ತು. ಮಾವ, ಅತ್ತೆ ಬಂದು ಕೂತರು. ಆಮೇಲೆ ಕೋಲೂರಿಕೊಂಡು ಹಳೇ ಸಾಹೇಬರು ಒಳಗೆ ಬಂದರು. ಅವರನ್ನು ಕಂಡದ್ದೇ ಮಾವ ಸ್ಕೂಲು ಹುಡುಗನಂತೆ ಎದ್ದು ನಿಂತರು. ನಿವೃತ್ತಿಯಾದರೂ ಮೊಣಕಾಲಿಗೆ ಅಭ್ಯಾಸ ತಪ್ಪಿರಲಿಲ್ಲ.

"ಮಾವ, ನಿಮಗೊಂದು ಕಾಣಿಕೆ" ಎಂದು ಡಾಕ್ಟರು ಬಟ್ಟೆ ಸರಿಸಿದರು.

ಬಾಗಿಲಷ್ಟು ಅಗಲದ ಟೀವಿಯಲ್ಲಿ ಹಸಿರು ಅಕ್ಷರಗಳು ಹೊಳೆದವು. ಲೆಕ್ಕ ನಡೆಯುತ್ತಿದೆ. ದಯವಿಟ್ಟು ಮುಟ್ಟಬೇಡಿ.

ಮಾವನ ಮುಖದ ಬಣ್ಣ ಇಳಿಯಿತು. ಬಾಯಿ ತೆರೆಯಿತು. ಡಾಕ್ಟರು ಉಸಿರು ಬಿಗಿಹಿಡಿದು ಕಾದರು.

"ಊಟ ಮಾಡೋಣ" ಎಂದರು ಮಾವ.

ಎರಡು ಪದ! ಇಷ್ಟು ವರ್ಷಗಳಲ್ಲಿ ಅಳಿಯನ ಜೊತೆ ಅವರು ಆಡಿದ ಅತಿ ಉದ್ದದ ಮಾತು. ಭಾವೋದ್ವೇಗ ಎಂದು ಡಾಕ್ಟರು ತೀರ್ಮಾನಿಸಿ, "ಮೊದಲು ಲೆಕ್ಕ ಮುಗೀಲಿ ಮಾವ. ನಿಮ್ಮ ಶ್ರಮಕ್ಕೆ ಅಷ್ಟಾದರೂ ಗೌರವ ಕೊಡದೆ ತುತ್ತು ಇಳಿಯುತ್ತಾ ನಮಗೆ?" ಎಂದರು.

ಹಳೇ ಸಾಹೇಬರಂತೂ ತೆರೆಯ ಮುಂದೆ ಕೈಕಟ್ಟಿ ನಿಂತುಬಿಟ್ಟರು. ಕಚೇರಿಯ ಕಂಪ್ಯೂಟರ್ ಕೋಣೆಯ ಬಾಗಿಲು ತೆರೆದಾಗಲೆಲ್ಲ ಇದೇ ಹಸಿರು ಅಕ್ಷರ ಕಾಣುತ್ತಿತ್ತಂತೆ. ಸದ್ದಾಗದಂತೆ ಬಾಗಿಲೆಳೆದುಕೊಂಡು, ತುದಿಗಾಲಿನಲ್ಲಿ ಹಿಂದಕ್ಕೆ ಬರುತ್ತಿದ್ದರಂತೆ. ಕೆಲಸ ಅಂದರೇನು ಎಂದು ಒಳಗೆ ಕೂತವರನ್ನು ನೋಡಿ ಕಲಿಯಿರಿ ಎಂದು ಇಡೀ ಕಚೇರಿಗೆ ಬೈಯುತ್ತಿದ್ದರಂತೆ. "ಆದರೆ ಉತ್ತರ ಮಾತ್ರ ಒಂದು ದಿನಾನೂ ನೋಡಲಿಲ್ಲ ನಾನು. ಇವತ್ತು ನೋಡೇ ಹೋಗೋದು" ಎಂದು ಕುರ್ಚಿ ಎಳೆದುಕೊಂಡು ಕೂತರು.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಡಾಕ್ಟರಿಗೆ ಇನ್ನೇನು ಬೇಕು? ಸ್ಕೇಲು ಹಿಡಿದು ಟೀವಿಯ ಪಕ್ಕ ನಿಂತು ಉಪನ್ಯಾಸವನ್ನೇ ಶುರು ಹಚ್ಚಿದರು. ಈ ಅಂಕಿಗಳು ನೋಡಿ, ಒಂದೊಂದೂ ಒಂದೊಂದು ಮನೆಯ ಮೀಟರು. ಈ ಸಾಲು ನೋಡಿ, ಬಹುಶಃ ಬಾಕಿ ಉಳಿಸಿಕೊಂಡವರದು. ಇಷ್ಟನ್ನೂ ಇಂದಿನ ಕೈಗಡಿಯಾರಕ್ಕಿಂತ ಚಿಕ್ಕ ಮೆದುಳಿನ ಯಂತ್ರದಿಂದ ಮಾಡಿಸಿದ ಮಹಾನುಭಾವ ಅಗೋ ಅಲ್ಲಿ ಕೂತಿದ್ದಾರೆ! ಎಲ್ಲರೂ ತಿರುಗಿ ನೋಡಿದರು. ಮಹಾನುಭಾವರು ಛಾವಣಿ ನೋಡುತ್ತಿದ್ದರು.

ಊಟ ಆರಿತು. ಕೇಕಿನ ಮೇಲಿನ ಕೆನೆ ಒಂದು ಪಕ್ಕಕ್ಕೆ ವಾಲಿತು. ಎಲ್ಲರ ಹೊಟ್ಟೆ ತಾಳ ಹಾಕತೊಡಗಿತು. ಮೂಲೆಯಲ್ಲಿ 'ಶೇಕಡಾ ಹನ್ನೊಂದು' ಎಂದಿತ್ತು.

ಅಷ್ಟರಲ್ಲಿ ಮಾವ ಬಚ್ಚಲಿಗೆಂದು ಎದ್ದವರು ಟೀವಿಯ ಹಿಂದೆ ಬಗ್ಗಿ ಏನೋ ತಡಕುತ್ತಿದ್ದುದು ಕಂಡಿತು.

"ಏನು ಬಿತ್ತು ಮಾವ?"

"ಕನ್ನಡಕ."

ಕನ್ನಡಕ ಅವರ ಮೂಗಿನ ಮೇಲೇ ಇತ್ತು. ಡಾಕ್ಟರು ಅದನ್ನು ಹೇಳುವಷ್ಟರಲ್ಲಿ ಟಪ್ ಎಂದು ಟೀವಿ ಕಪ್ಪಾಯಿತು. ಪ್ಲಗ್ಗು ಮಾವನ ಕೈಯಲ್ಲಿತ್ತು. ಅವರ ಮುಖದಲ್ಲಿ, ಬಟ್ಟೆ ಸರಿಸಿದಾಗಿನಿಂದ ಮೊದಲ ಬಾರಿಗೆ, ಒಂದು ನೆಮ್ಮದಿ.

"ಏನೂ ಗಾಬರಿ ಬೇಡ ಮಾವ!" ಎಂದು ಡಾಕ್ಟರು ಹಾರಿ ಬಂದರು. "ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ. ಟೀವಿ ಆರಿದರೇನು, ಲೆಕ್ಕ ನಿಲ್ಲಲ್ಲ." ಪ್ಲಗ್ಗು ಕಸಿದು ಮತ್ತೆ ಸಿಕ್ಕಿಸಿದರು. ಶೇಕಡಾ ಹನ್ನೆರಡು. ಮಾವ ಮರಳಿ ಬಂದು ಕೂತ ರೀತಿ ನೋಡಿದರೆ ಹುಟ್ಟುಹಬ್ಬದವರಂತೆ ಕಾಣಲಿಲ್ಲ, ಹಲ್ಲು ಕೀಳಿಸಿಕೊಳ್ಳಲು ಸರದಿ ಕಾಯುವವರಂತೆ ಕಾಣುತ್ತಿದ್ದರು.

ಇಷ್ಟು ಹೊತ್ತೂ ಹೆಂಡತಿ ಸುಮ್ಮನೆ ಕೂತಿದ್ದಳು. ಸುಮ್ಮನೆ ಕೂತು ನೋಡುವುದೇ ಅವಳ ಕಸುಬಲ್ಲವೇ? ಲ್ಯಾಪ್‌ಟಾಪಿನಲ್ಲಿ ಇರುವೆಯಷ್ಟು ಕಾಣುತ್ತಿದ್ದ ಅಕ್ಷರಗಳು ಟೀವಿಯಲ್ಲಿ ಆನೆಯಷ್ಟಾಗಿದ್ದವು. ಅವಳು ತೆರೆಯ ಮೇಲಂಚಿಗೆ ಕೈ ತೋರಿಸಿದಳು.

"ರೀ, ಅಲ್ಲಿ 'ವೇಗ' ಅಂತ ಇದೆಯಲ್ಲ, ಅದೇನು?"

"ಅದಾ? ಅದು ಹಾಗೇ ಸುಮ್ಮನೆ..."

"ಪಕ್ಕದಲ್ಲಿ 'ಮೂಲ' ಅಂತಿದೆ. ಕೆಳಗೆ 'ಗರಿಷ್ಠ' ಅಂತಿದೆ. ಗರಿಷ್ಠ ಒತ್ತಿದರೆ ಏನಾಗುತ್ತೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಡಾಕ್ಟರ ಕೈ ತಾನಾಗಿ ಲ್ಯಾಪ್‌ಟಾಪಿಗೆ ಅಡ್ಡ ಬಂತು. ಅದು ಅಪಚಾರ, ಆ ಕಾಲದ ಅನುಭವವೇ ಕೆಟ್ಟುಹೋಗುತ್ತದೆ, ಬಳಗದವರಿಗೆ ತಿಳಿದರೆ ಮುಖ ತೋರಿಸುವ ಹಾಗಿಲ್ಲ ಎಂದೆಲ್ಲ ತಡವರಿಸಿದರು. ಹೆಂಡತಿ ಅಡ್ಡ ಬಂದ ಕೈಯನ್ನು ಸ್ಟಿಯರಿಂಗ್ ಸರಿಪಡಿಸುವಷ್ಟೇ ಮೃದುವಾಗಿ ಪಕ್ಕಕ್ಕೆ ಸರಿಸಿ, ಗರಿಷ್ಠವನ್ನು ಒತ್ತಿದಳು.

ಅಂಕಿಗಳು ಹುಚ್ಚೆದ್ದು ಓಡಿದವು. ಇಪ್ಪತ್ತು, ಐವತ್ತು, ಎಂಬತ್ತು, ತೊಂಬತ್ತೊಂಬತ್ತು. ಸಾಹೇಬರು ಕುರ್ಚಿಯ ತುದಿಗೆ ಜರುಗಿದರು. ಅತ್ತೆ ಕೈ ಜೋಡಿಸಿದರು. ತೆರೆಯ ಮೇಲೆ ಹೊಸ ಸಾಲು ಬಂತು: 'ಅನುಮಾನ ಬಂದಿದೆ. ಮತ್ತೆ ಮೊದಲಿನಿಂದ.'

ಮರುಕ್ಷಣವೇ ಶೇಕಡಾ ಒಂದು.

"ನೋಡಿದಿರಾ ಪ್ರಾಮಾಣಿಕತೆ!" ಎಂದು ಡಾಕ್ಟರು ಉದ್ಗರಿಸಿದರು. "ಸಣ್ಣ ಅನುಮಾನ ಬಂದರೂ ಬಿಡಲ್ಲ, ಮತ್ತೆ ಮಾಡಿಸ್ತಾರೆ."

ತೊಂಬತ್ತೊಂಬತ್ತು. ಅನುಮಾನ ಬಂದಿದೆ. ಮತ್ತೆ ತೊಂಬತ್ತೊಂಬತ್ತು. ಮತ್ತೆ ಅನುಮಾನ. ನಾಲ್ಕನೇ ಸುತ್ತಿಗೆ ಡಾಕ್ಟರ ದನಿ ಇಳಿಯಿತು; ಐದನೆಯದಕ್ಕೆ ಸ್ಕೇಲು ಕೆಳಗಿಟ್ಟರು. ಮೂಲ ವೇಗದಲ್ಲಿ ಒಂದು ಸುತ್ತಿಗೆ ಒಂದು ಇಡೀ ಸಂಜೆ ಬೇಕು. ಆ ಕಚೇರಿಯಲ್ಲಿ ಎರಡನೇ ಸುತ್ತು ನೋಡಲು ಯಾರು ಕಾದು ಕೂತಿದ್ದರು?

ಸಾಹೇಬರು ನಿಧಾನವಾಗಿ ಎದ್ದು ಮೇಜಿನ ಹತ್ತಿರ ಬಂದರು. "ಸರ್ವೀಸಿನಲ್ಲಿ ಇರೋವರೆಗೂ ಮುಟ್ಟಬೇಡಿ ಅಂದದ್ದಕ್ಕೆ ಮುಟ್ಟಲಿಲ್ಲ. ಈಗ ರಿಟೈರ್ ಆಗಿದ್ದೀನಲ್ಲ" ಎಂದು ತೋರುಬೆರಳಿಂದ ಲ್ಯಾಪ್‌ಟಾಪಿನ ಒಂದು ಕೀಲಿ ಒತ್ತಿದರು.

'ಟುಂಯ್' ಎಂದು ಸದ್ದಾಯಿತು. ಅಂಕಿಗಳೆಲ್ಲ ಮಾಯ. ಅವುಗಳ ಜಾಗದಲ್ಲಿ ಹಸಿರು ಅಲೆಗಳು, ಒಂದು ದೋಣಿ, ದೋಣಿಯಲ್ಲಿ ಗಾಳ ಹಿಡಿದ ಒಂದು ಕಡ್ಡಿಮನುಷ್ಯ. ನೀರಿನಲ್ಲಿ ಮೀನುಗಳು ಅತ್ತಿಂದಿತ್ತ ಈಜಾಡುತ್ತಿದ್ದವು. ಬಲಗಡೆ 'ಅತಿ ಹೆಚ್ಚು ಮೀನು ಹಿಡಿದವರು' ಎಂಬ ತಲೆಬರಹ. ಅದರ ಕೆಳಗೆ ಮೇಲಿಂದ ಕೆಳಗಿನ ತನಕ ಒಂದೇ ಹೆಸರು. ಮಾವನದು.

ಅಡುಗೆಮನೆಯಲ್ಲಿ ನಲ್ಲಿ ಮಾತ್ರ ತೊಟ್ಟಿಕ್ಕುತ್ತಿತ್ತು.

"ಬಿಲ್ಲಿನ ಲೆಕ್ಕ?" ಎಂದರು ಸಾಹೇಬರು.

"ಅದು ಬೆಳಿಗ್ಗೆ ಕಾಫಿಗೆ ಮುಂಚೇನೇ ಮುಗಿದುಹೋಗ್ತಿತ್ತು ಸಾರ್" ಎಂದರು ಮಾವ, ನೆಲ ನೋಡುತ್ತ. "ಮಷೀನು ತುಂಬ ಚುರುಕಾಗಿತ್ತು."

"ಅಂದರೆ ನಾನು ತುದಿಗಾಲಲ್ಲಿ ಓಡಾಡಿದ್ದು ಮೀನು ಬೆದರದೆ ಇರಲಿ ಅಂತ."

ಸಾಹೇಬರಿಗೆ ಕೋಪ ಬಂತೋ ನಗು ಬಂತೋ, ಹೇಳುವುದು ಕಷ್ಟ. ಅವರ ಭುಜ ಮಾತ್ರ ಕುಲುಕುತ್ತಿತ್ತು. ಆದರೆ ಅತ್ತೆ ನಗಲಿಲ್ಲ. ಅವರು ತೆರೆಯನ್ನು ಬಹಳ ಹೊತ್ತು ನೋಡಿ, ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು ಮತ್ತೊಮ್ಮೆ ನೋಡಿದರು.

"ಮಗೂಗೆ ಜ್ವರ ಬಂದ ದಿನ ಆಫೀಸಿಗೆ ಫೋನು ಮಾಡಿದ್ದೆ" ಎಂದರು ಮೆಲ್ಲಗೆ. "ಲೆಕ್ಕ ನಡೀತಿದೆ, ಎದ್ದು ಬರೋ ಹಾಗಿಲ್ಲ ಅಂದಿರಿ. ನಾನೊಬ್ಬಳೇ ಎತ್ತಿಕೊಂಡು ಹೋದೆ. ಅವತ್ತು ಎಷ್ಟು ಮೀನು ಸಿಕ್ಕಿತ್ತು?"

ಮಾವ ಮುಖ ಮುಚ್ಚಿಕೊಳ್ಳಲು ಸುತ್ತಮುತ್ತ ಪೇಪರು ಹುಡುಕಿದರು. ಅದನ್ನು ನೋಡಿ ಡಾಕ್ಟರಿಗೆ ನಿಜಕ್ಕೂ ಸಂಕಟವಾಯಿತು. ಮಾವನಿಗೆ ಕಿರೀಟ ತೊಡಿಸಲು ಹೋಗಿ ಎಲ್ಲರೆದುರು ಟೋಪಿ ಕಳಚಿಟ್ಟಂತಾಯಿತಲ್ಲ! ಗುಡ್ಡ ಅಗೆದು ಇಲಿ ಹಿಡಿದವರಿದ್ದಾರೆ, ತಾನು ಮೀನು ಹಿಡಿದೆ. ಹೇಗಾದರೂ ಮಾವನನ್ನು ಕಾಪಾಡಬೇಕು ಎಂದು ಅವರು ಬಾಯಿ ಹಾಕಿದರು. ಈ ಹಳೇ ಯಂತ್ರಗಳ ಸ್ವಭಾವವೇ ಹಾಗೆ ಅತ್ತೆ, ಅದರ ಮುಂದೆ ಕೂತವರಿಗೆ ಏಳುವುದು ನಿಜಕ್ಕೂ ಕಷ್ಟ, ಬೇಕಾದರೆ ನನ್ನನ್ನೇ ನೋಡಿ, ಎಂದರು.

ನೋಡಿ ಎಂದದ್ದೇ ತಪ್ಪಾಯಿತು. ಹೆಂಡತಿ ನೋಡಿದಳು. ಮೊದಲು ಟೀವಿಯ ಮೇಲಂಚಿನ 'ವೇಗ'ವನ್ನು, ಆಮೇಲೆ ಅಡುಗೆಮನೆಯ ಬಾಗಿಲನ್ನು, ಕೊನೆಗೆ ಗಂಡನನ್ನು.

"ದಿನಾ ರಾತ್ರಿ ಊಟ ಆದಮೇಲೆ ಲೋಡ್ ಆಗ್ತಿದೆ ಅಂತೀರಲ್ಲ" ಎಂದಳು. "ಅದು ಮೂಲಾನೋ ಗರಿಷ್ಠಾನೋ?"

ಇದು ನುಂಗಲಾರದ, ಉಗುಳಲಾರದ ತುತ್ತು. ಊರಿನ ಬಾಯಿಗಳನ್ನೆಲ್ಲ ಬಿಡಿಸುವ ಡಾಕ್ಟರ ಬಾಯಿ ಅಂಟು ಹಾಕಿದಂತೆ ಮುಚ್ಚಿಕೊಂಡಿತು. ಅತ್ತೆ ಮಗಳತ್ತ ನೋಡಿದರು, ಮಗಳು ತಾಯಿಯತ್ತ ನೋಡಿದಳು. ಅಲ್ಲಿಗೆ ತೀರ್ಪು ಬರೆದಾಯಿತು. ಓದಿ ಹೇಳುವ ಅಗತ್ಯವಿರಲಿಲ್ಲ.

ಆರಿದ ಊಟವನ್ನು ಮತ್ತೆ ಬಿಸಿ ಮಾಡಿದವರು ಅಳಿಯ, ಬಡಿಸಿದವರು ಮಾವ. ಸಾಹೇಬರು ಎರಡು ಸಲ ಕೇಳಿ ಬಡಿಸಿಕೊಂಡರು. ಊಟ ಮುಗಿದ ಮೇಲೆ ಪಾತ್ರೆಗಳ ಗೋಪುರವೊಂದು ಸಿಂಕಿನಲ್ಲಿ ಎದ್ದು ನಿಂತಿತು. ಡಾಕ್ಟರು ತೋಳು ಮಡಚಿ ತೊಳೆಯುವುದು, ಮಾವ ಬಟ್ಟೆ ಹಿಡಿದು ಒರೆಸುವುದು ಎಂದಾಯಿತು. ಸೋರುವ ನಲ್ಲಿಯನ್ನು ಮೊದಲು ಸರಿಮಾಡಿ ಆಮೇಲೆ ಶುರು ಮಾಡಿ ಎಂದು ಹೆಂಡತಿ ಸ್ಪ್ಯಾನರು ತಂದುಕೊಟ್ಟು ಹೋದಳು. ಹಲ್ಲಿಗೆ ಸಿಮೆಂಟು ತುಂಬುವವರಿಗೆ ನಲ್ಲಿಗೆ ವಾಷರು ಹಾಕುವುದು ಯಾವ ಮಹಾ ಎಂದುಕೊಂಡೇ ಡಾಕ್ಟರು ಸಿಂಕಿನಡಿ ನುಸುಳಿದರು. ಅಂಗಿ ಪೂರ್ತಿ ಒದ್ದೆ ಮಾಡಿಕೊಂಡು ಹೊರಗೆ ಬಂದರು. ನಲ್ಲಿ ನಿಂತಿತು. ಅದು ಇಷ್ಟು ಸುಲಭದ ಕೆಲಸ ಎಂದು ಹೆಂಡತಿಗೆ ತಿಳಿಯದಿರಲಿ ಎಂಬ ಆಸೆಯೊಂದು ಅವರಲ್ಲಿ ಉಳಿದಿತ್ತು.

"ಕ್ಷಮಿಸಿ ಮಾವ" ಎಂದರು ತಟ್ಟೆ ದಾಟಿಸುತ್ತ. "ನಿಮಗೆ ಖುಷಿಯಾಗಲಿ ಅಂತ ಮಾಡಿದ್ದೆ."

ಮಾವ ತಟ್ಟೆ ಒರೆಸಿ ಬೆಳಕಿಗೆ ಹಿಡಿದು ನೋಡಿದರು. "ಹೂಂ" ಎಂದರು.

ಹಾಲಿನಿಂದ ಟುಂಯ್ ಟುಂಯ್ ಸದ್ದು ಕೇಳಿಬರುತ್ತಿತ್ತು. ಅತ್ತೆ ಸೋಫಾದಲ್ಲಿ ಕಾಲು ಮೇಲಿಟ್ಟುಕೊಂಡು, ಲ್ಯಾಪ್‌ಟಾಪು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಒಂದು ಪಕ್ಕದಲ್ಲಿ ಮಗಳು, ಇನ್ನೊಂದು ಪಕ್ಕದಲ್ಲಿ ಎಡಕ್ಕೆ, ಬಲಕ್ಕೆ ಎಂದು ಕೋಲಿನಿಂದ ದಾರಿ ತೋರಿಸುವ ಸಾಹೇಬರು. ಪಾತ್ರೆಯ ಗೋಪುರ ಅರ್ಧಕ್ಕೆ ಇಳಿದಿತ್ತು; ಡಾಕ್ಟರ ಸೊಂಟ ಪೂರ್ತಿ ಇಳಿದಿತ್ತು. ಕೊನೆಗೆ ತಡೆಯಲಾರದೆ ಬಾಗಿಲಿಗೆ ತಲೆ ಹಾಕಿ, "ಅತ್ತೆ, ಯಾರಾದರೂ ಒಬ್ಬರು ಸ್ವಲ್ಪ ಈ ಕಡೆ ಬರ್ತೀರಾ? ಒರೆಸಿದ್ದನ್ನ ಒಳಗೆ ಜೋಡಿಸಿಕೊಟ್ಟರೆ ಸಾಕು" ಎಂದು ಬೇಡಿಕೊಂಡರು.

ಅತ್ತೆ ತೆರೆಯಿಂದ ಕಣ್ಣು ತೆಗೆಯಲಿಲ್ಲ.

"ಲೆಕ್ಕ ನಡೀತಿದೆ ಅಳಿಯಂದ್ರೇ" ಎಂದರು. "ಎದ್ದು ಬರೋ ಹಾಗಿಲ್ಲ."

ಮರುಕ್ಷಣವೇ ಹಾಲಿನಲ್ಲಿ ದೊಡ್ಡದೊಂದು ಟುಂಯ್ ಎಂದಿತು. ಮಗಳು ಚಪ್ಪಾಳೆ ತಟ್ಟಿದಳು. ಸಾಹೇಬರ ಕೋಲು ನೆಲ ಬಡಿಯಿತು. ಪಟ್ಟಿಯ ತುದಿಯಲ್ಲಿ ಇಷ್ಟು ವರ್ಷ ಅಲುಗಾಡದೆ ಕೂತಿದ್ದ ಹೆಸರು ಒಂದು ಸಾಲು ಕೆಳಗಿಳಿದಿತ್ತು.

ಒರೆಸುತ್ತಿದ್ದ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಮಾವ ಅಡುಗೆಮನೆಯ ಬಾಗಿಲಿಗೆ ಬಂದರು. ಟೀವಿಯನ್ನು ನೋಡಿದರು, ತಮ್ಮ ಹೆಂಡತಿಯನ್ನು ನೋಡಿದರು. ಬಾಯಿ ತುಂಬ, ಮನೆಗೆಲ್ಲ ಕೇಳಿಸುವಂತೆ, "ಭೇಷ್!" ಎಂದರು.

ಡಾಕ್ಟರು ಸುಮ್ಮನೆ ತಿರುಗಿ ಬಂದು ಮುಂದಿನ ಪಾತ್ರೆ ಎತ್ತಿಕೊಂಡರು.